ಬಲೆಯ ಕಣ್ಣು ಕಿರಿದಾದ ಕಥೆ

ವಾಯುಗುಣ ಮಾದರಿ ಎಂದರೆ ಭೂಮಿಗೆ ಹೊದಿಸಿದ ಒಂದು ಲೆಕ್ಕದ ಬಲೆ. ಬಲೆಯ ಪ್ರತಿ ಕಣ್ಣಿಗೂ ಗಾಳಿ ಎಷ್ಟು, ಶಾಖ ಎಷ್ಟು, ತೇವ ಎಷ್ಟು ಎಂದು ಸಮೀಕರಣಗಳು ಹೇಳುತ್ತವೆ. ಈ ವಿದ್ಯೆಯ ಚರಿತ್ರೆ ಬಹುಮಟ್ಟಿಗೆ ಆ ಕಣ್ಣು ಕಿರಿದಾಗುತ್ತ ಬಂದ ಚರಿತ್ರೆ.

ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಣ್ಣಿನ ಅಗಲ ಸುಮಾರು 200 ಕಿಲೋಮೀಟರ್. ಎಲ್ಲವೂ ಕೈಯಲ್ಲೇ ಮಾಡಿದ ಲೆಕ್ಕ. ಆರು ಗಂಟೆಗಳಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಎಂದು ಉತ್ತರ ಬಂತು. ಲೆಕ್ಕಕ್ಕೆ ಆರಿಸಿಕೊಂಡ ದಿನ ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! ಉತ್ತರ ತಪ್ಪಿದರೂ ದಾರಿ ತಪ್ಪಿರಲಿಲ್ಲ. 1956ರಲ್ಲಿ ನಾರ್ಮನ್ ಫಿಲಿಪ್ಸ್ ಅದೇ ದಾರಿಯಲ್ಲಿ ಕಂಪ್ಯೂಟರಿನಿಂದ ವಾಯುಮಂಡಲದ ಸಂಚಾರವನ್ನೇ ಮೂಡಿಸಿದರು.

ಆದರೆ ಜಾಗತಿಕ ಮಾದರಿಗಳ ಕಣ್ಣು ದಶಕಗಳ ಕಾಲ ಮುನ್ನೂರು ನಾನೂರು ಕಿಲೋಮೀಟರಿನಷ್ಟು ದೊಡ್ಡದಾಗಿಯೇ ಉಳಿಯಿತು. ಇದರ ತೊಂದರೆಯನ್ನು ಕನ್ನಡನಾಡಿನ ನಕ್ಷೆಯ ಮೇಲೇ ನೋಡಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ನೇರ ಗೆರೆ ಎಳೆದರೆ ನಡುವಿನ ದೂರ 200 ಕಿಲೋಮೀಟರೂ ಆಗದು. ದೊಡ್ಡ ಕಣ್ಣಿನ ಬಲೆಗೆ ಎರಡೂ ಒಂದೇ ಊರು. ಘಟ್ಟ ಸವೆದು ಇಳಿಜಾರಾಗುತ್ತದೆ, ಮಲೆನಾಡಿನ ಮಳೆ ಬಯಲುಸೀಮೆಗೂ ಹಂಚಿಹೋಗುತ್ತದೆ.

ಪರಿಹಾರ ಬಂದದ್ದು ಅನಿರೀಕ್ಷಿತ ಕಡೆಯಿಂದ. ಅಮೆರಿಕದ ನೆವಾಡದ ಯುಕ್ಕಾ ಬೆಟ್ಟದಲ್ಲಿ ಅಣುತ್ಯಾಜ್ಯ ಹೂಳುವ ಯೋಚನೆಯಿತ್ತು. ಅಲ್ಲಿನ ಮುಂದಿನ ವಾಯುಗುಣ ಹೇಗಿರುತ್ತದೆಂದು ತಿಳಿಯಬೇಕಿತ್ತು. 1989ರಲ್ಲಿ ರಾಬರ್ಟ್ ಡಿಕಿನ್ಸನ್, ಫಿಲಿಪ್ಪೊ ಜಾರ್ಜಿ ಮತ್ತು ಸಂಗಡಿಗರು ಜಾಗತಿಕ ಬಲೆಯೊಳಗೆ ಒಂದೇ ಪ್ರದೇಶಕ್ಕೆ 60 ಕಿಲೋಮೀಟರ್ ಕಣ್ಣಿನ ಸಣ್ಣ ಬಲೆ ಕೂರಿಸಿದರು. ಅಂಚಿನ ಗಾಳಿ, ಶಾಖಗಳನ್ನು ದೊಡ್ಡ ಮಾದರಿ ಒದಗಿಸುತ್ತದೆ, ಬೆಟ್ಟ ಕಣಿವೆಗಳ ವಿವರವನ್ನು ಸಣ್ಣದು ತುಂಬುತ್ತದೆ. ಹೊರಗಿನ ತಪ್ಪೂ ಅಂಚಿನಿಂದಲೇ ಒಳಗೆ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಒಂದು ವಲಯಕ್ಕೆ ಹದ ಮಾಡಿದ ಮಾದರಿ ಇನ್ನೊಂದರಲ್ಲಿ ಎಡವುವುದೂ ಉಂಟು. ಸಮಶೀತೋಷ್ಣ ನಾಡಿನ ಮಳೆಗೆ ಒಗ್ಗಿದ ಸೂತ್ರ ಮುಂಗಾರಿಗೆ ಒಗ್ಗಬೇಕೆಂದಿಲ್ಲ. ಅದಕ್ಕಾಗಿಯೇ 2009ರಲ್ಲಿ ವಿಶ್ವ ವಾಯುಗುಣ ಸಂಶೋಧನಾ ಕಾರ್ಯಕ್ರಮವು ಕಾರ್ಡೆಕ್ಸ್ ಯೋಜನೆ ಆರಂಭಿಸಿ ಜಗತ್ತನ್ನು ಪ್ರದೇಶಗಳಾಗಿ ಹಂಚಿತು. ದಕ್ಷಿಣ ಏಷ್ಯಾದ ಹೊಣೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯದು. ಯುರೋಪಿಗೆ 12 ಕಿಲೋಮೀಟರಿನ ಬಲೆ ಸಿಕ್ಕಾಗ ಇಲ್ಲಿನದು ಹೆಚ್ಚಾಗಿ 50ರದು. ಬಿರುಮಳೆಯ ನಾಡಿಗೆ ಒರಟು ಬಲೆ!

ಹನ್ನೆರಡೂ ಸಾಲದು. ಗುಡುಗುಮೋಡದ ಅಗಲ ಕೆಲವೇ ಕಿಲೋಮೀಟರ್. ಅದಕ್ಕಿಂತ ದೊಡ್ಡ ಕಣ್ಣು ಮೋಡವನ್ನು ಕಾಣದೆ ಅಂದಾಜಿನ ಸೂತ್ರಕ್ಕೆ ಮೊರೆಹೋಗುತ್ತದೆ. ಆಗ ಸಂಜೆ ಸುರಿಯಬೇಕಾದ ಗುಡುಗುಮಳೆ ಮಾದರಿಯಲ್ಲಿ ಮಟಮಟ ಮಧ್ಯಾಹ್ನವೇ ಬೀಳುತ್ತದೆ, ಅದೂ ಜಡಿಮಳೆಯಲ್ಲ, ದಿನವೂ ತುಂತುರು. 2014ರಲ್ಲಿ ಎಲಿಜಬೆತ್ ಕೆಂಡನ್ ತಂಡ ದಕ್ಷಿಣ ಬ್ರಿಟನ್ನಿಗೆ 1.5 ಕಿಲೋಮೀಟರ್ ಮಾದರಿ ಓಡಿಸಿತು. ಬೇಸಿಗೆಯ ಗಂಟೆಗಟ್ಟಲೆ ಮಳೆ ಮುಂದೆ ಬಿರುಸಾಗುವುದನ್ನು ಅದು ತೋರಿಸಿತು. 12 ಕಿಲೋಮೀಟರಿನದು ತೋರಿಸಿರಲಿಲ್ಲ. ಆಫ್ರಿಕಾ ಖಂಡಕ್ಕೂ ಅನಂತರ ಸುಮಾರು 4.5 ಕಿಲೋಮೀಟರಿನ ಮಾದರಿ ಬಂತು.

ಕಣ್ಣನ್ನು ಅರ್ಧ ಮಾಡಿದರೆ ಲೆಕ್ಕ ಸುಮಾರು ಎಂಟು ಪಟ್ಟಾಗುತ್ತದೆ, ಖರ್ಚೂ ಹಾಗೆಯೇ. ಬಂದ ಉತ್ತರ ಸರಿಯೇ ಎಂದು ಹೇಳಬೇಕಾದದ್ದು ಮಾತ್ರ ನೆಲದ ಮೇಲಿನ ಮಳೆಮಾಪಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ.