ಹಾಡು ಕೇಳಲು ಹೋದವನು ಮನೆಗೆ ಮರಳಬೇಡವೇ?

(ಆನೆಗೊಂದಿಯ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲೆಳೆದು, ಗಂಗಾವತಿಯಿಂದ ಇಲ್ಲಿಯ ತನಕ ಬಂದಿದ್ದೀರಿ. ಇಂದಿನ ವಿಷಯ ಹಮಾಲಿ ದರವೂ ಅಲ್ಲ, ಬತ್ತದ ಬೆಲೆಯೂ ಅಲ್ಲ, ರಾಕ್ ಸಂಗೀತ ಎಂದು ಹೇಳಿದಾಗ ಕೆಲವರು ನಕ್ಕುದನ್ನು ನಾವು ಕಂಡೆವು. ನಗುವುದಕ್ಕೆ ಕಾರಣ ಇಲ್ಲದಿಲ್ಲ. ರಾಕ್ ಎಂದರೆ ಬಂಡೆ. ಆನೆಗೊಂದಿಯಲ್ಲಿ ನಿಂತು ಬಂಡೆಯ ವಿಷಯ ಮಾತನಾಡುವುದು ಹೊಳೆಯಲ್ಲಿ ನಿಂತು ನೀರು ಮಾರಿದ ಹಾಗೆ.

ಆದರೂ ಬಂಡೆಯಿಂದಲೇ ಆರಂಭಿಸೋಣ. ನಮ್ಮದೇ ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಬ್ಬಿಣ ಯುಗದ ಜನರು ಕಟ್ಟಿದ ನೂರಾರು ಕಲ್ಲುಮನೆಗಳಿವೆ. ಅವು ಸತ್ತವರ ನೆನಪಿಗೆ ನಿಲ್ಲಿಸಿದವು. ಈಗ್ಗೆ ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಅಲ್ಲಿ ಆಳೆತ್ತರಕ್ಕೆ ಹಲವು ಪಟ್ಟು ಮಿಕ್ಕ ಒಂದು ಬಂಡೆಯ ನೆತ್ತಿಯ ಮೇಲೆ ಅರ್ಧ ಚೆಂಡಿನಾಕಾರದ ಗುಂಡೊಂದು ಕೂತಿದೆ. ಕಲ್ಲಿನಿಂದ ಬಡಿದರೆ ಅದು ನಗಾರಿಯಂತೆ ಮೊಳಗುತ್ತದೆ. ಅದರ ಸದ್ದು ಒಂದು ಕಿಲೋಮೀಟರಿನಾಚೆಗೂ ಕೇಳುತ್ತದೆ. ಯಾವ ಅರಸನೂ ಅದನ್ನು ಮಾಡಿಸಿದಂತಿಲ್ಲ, ಅದರ ಮೇಲೆ ಯಾರ ಹೆಸರೂ ಇಲ್ಲ. ಜನರನ್ನು ಕೂಡಿಸಲು ಯಾರೋ ಬಂಡೆಯನ್ನು ಬಡಿದರು, ಜನ ಕೂಡಿದರು ಎಂದೇ ನಾವು ಊಹಿಸುತ್ತೇವೆ. ಆದುದರಿಂದ ಜೋರಾದ ವಾದ್ಯಕ್ಕೆ ಜನ ಮುಗಿಬೀಳುವುದು ಪರದೇಶದಿಂದ ಬಂದ ಕೆಟ್ಟ ಚಾಳಿ ಎಂದು ನಮ್ಮ ಹಿರಿಯರು ಹೇಳುವಾಗ ಸ್ವಲ್ಪ ತಡೆದು ಹೇಳುವುದು ಒಳ್ಳೆಯದು.

ಇನ್ನು ಆ ಪರದೇಶದ ಮಾತು. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ಎಂಬುದು ಕಾರ್ಖಾನೆಗಳ ಊರು. 1965ರಲ್ಲಿ ಅಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ಹುಡುಗ ದುಡಿಯುತ್ತಿದ್ದ. ಗಿಟಾರು ನುಡಿಸುವ ಹುಚ್ಚು. ಒಂದು ವಾದ್ಯಮೇಳದ ಜೊತೆ ಹೊರಡಬೇಕೆಂದು ಕೆಲಸ ಬಿಟ್ಟಿದ್ದ. ಅಂದು ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಎಂದನಂತೆ. ಹಿಡಿದ ಕೆಲಸ ಪೂರ್ತಿ ಮಾಡಿ ಬಾ ಎಂದು ತಾಯಿ ಕಳಿಸಿದಳು. ಒತ್ತುಯಂತ್ರದ ಮೇಲೆ ದುಡಿಯುವ ಆಳು ಅಂದು ಬಂದಿರಲಿಲ್ಲ. ಅಭ್ಯಾಸವಿಲ್ಲದ ಈ ಹುಡುಗನನ್ನು ಅದರ ಮುಂದೆ ನಿಲ್ಲಿಸಿದರು. ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಕೊಂಡಿತು.

ಈ ಮಾತು ನಿಮಗೆ ವಿವರಿಸಿ ಹೇಳಬೇಕಾಗಿಲ್ಲ. ಬೆಲ್ಟಿಗೆ ಕೈ ಕೊಟ್ಟವರು, ಬರದ ಆಳಿನ ಬದಲಿಗೆ ನಿಂತು ಕೈ ಕಳೆದುಕೊಂಡವರು ಪ್ರತಿಯೊಂದು ಗಿರಣಿ ಊರಿನಲ್ಲೂ ಇದ್ದಾರೆ. ಮುಂದಿನದನ್ನು ಕೇಳಿರಿ. ಅವನು ಎಡಚ, ಆದ್ದರಿಂದ ತಂತಿಯನ್ನು ಒತ್ತುವ ಕೈ ಅದೇ ಬಲಗೈ. ವೈದ್ಯರು ಇನ್ನು ವಾದ್ಯದ ಆಸೆ ಬಿಡು ಎಂದರು. ಆಗ ಕಾರ್ಖಾನೆಯ ಮೇಸ್ತ್ರಿ ಮನೆಗೆ ಬಂದು ಒಂದು ಧ್ವನಿಮುದ್ರಿಕೆ ಕೇಳಿಸಿದನು. ಬೆಂಕಿಯಲ್ಲಿ ಎಡಗೈ ಸುಟ್ಟುಕೊಂಡು ಎರಡೇ ಬೆರಳುಗಳಲ್ಲಿ ಗಿಟಾರಿನ ಸ್ವರ ಹಿಡಿಯುತ್ತಿದ್ದ ಜಾಂಗೋ ರೈನ್‌ಹಾರ್ಟ್ ಎಂಬವನ ವಾದನ ಅದು. ಹುಡುಗ ಎದ್ದು ಕೂತ. ಪ್ಲಾಸ್ಟಿಕ್ ಶೀಶೆಯೊಂದನ್ನು ಕರಗಿಸಿ, ಬೆರಳಿನ ತುದಿಗೆ ಟೊಪ್ಪಿಗೆಯ ಹಾಗೆ ತಿದ್ದಿ, ಮೇಲೆ ಚರ್ಮ ಅಂಟಿಸಿದ. ಬಿಗಿದ ತಂತಿ ಒತ್ತಿದರೆ ನೋವು; ಅದಕ್ಕೆ ತೆಳುವಾದ ತಂತಿ ಹಾಕಿದ, ಮುಂದೆ ತಂತಿಯನ್ನು ಸಡಿಲಿಸಿ ಶ್ರುತಿ ಇಳಿಸಿದ. ಶ್ರುತಿ ಇಳಿದಾಗ ನಾದ ಭಾರವಾಯಿತು, ಕತ್ತಲೆಯಾಯಿತು. ಲೋಕದ ಯುವಕರು ಹೆವಿ ಮೆಟಲ್ ಎಂದು ತಲೆ ಕುಣಿಸುವ ಸಂಗೀತದ ಭಾರಕ್ಕೆ ಮೂಲ ಅದು: ಕಾರ್ಖಾನೆ ಕತ್ತರಿಸಿದ ಎರಡು ಬೆರಳು.

ಆ ಮೇಳದ ಹೆಸರು ಬ್ಲ್ಯಾಕ್ ಸಬಾತ್. ಅದರ ಹಾಡುಗಾರ ಆಜಿ ಆಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದವರು. 2025ರ ಜುಲೈ 5ರಂದು ತಾವು ಬೆಳೆದ ಕೇರಿಯ ಬಳಿಯ ಕಾಲ್ಚೆಂಡಿನ ಮೈದಾನದಲ್ಲಿ, ನಲವತ್ತು ಸಾವಿರ ಅಭಿಮಾನಿಗಳ ಮುಂದೆ ನಾಲ್ವರೂ ಕಡೆಯ ಬಾರಿ ಕೂಡಿ ನುಡಿಸಿದರು. ಕಂಪವಾತದಿಂದ ನಿಲ್ಲಲಾರದ ಹಾಡುಗಾರರು ಕುರ್ಚಿಯಲ್ಲಿ ಕೂತು ಹಾಡಿದರು. ಹದಿನೇಳು ದಿನಗಳ ಮೇಲೆ, ಜುಲೈ 22ರಂದು ತೀರಿಕೊಂಡರು. ಹಣ ಧರ್ಮಕಾರ್ಯಕ್ಕೆಂದು ಸಾರಿದ್ದರು. ಅಂದು ಅತ್ತ ನಲವತ್ತು ಸಾವಿರ ಮಂದಿಯನ್ನು ಹುಚ್ಚರೆಂದು ಕರೆಯಲು ನಮ್ಮ ನಾಲಿಗೆ ಏಳುವುದಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥ ಭಕ್ತಿ ಕಂಡಿದೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ಎಂಬ ಇಂಗ್ಲೆಂಡಿನ ಮೇಳ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆ ಮೂಲೆಯಿಂದ ಹುಡುಗರು ರೈಲು ಹತ್ತಿ ಬಂದರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಮೇಳ ಅಲ್ಲಿಯೇ ನುಡಿಸಿತು. ಎರಡು ದಿನ ಮೊದಲು ದಿಲ್ಲಿಯ ಬಳಿ ಇದೇ ಮೇಳದ ಕಚೇರಿ ರದ್ದಾಗಿ, ಸಿಟ್ಟಿಗೆದ್ದ ಜನ ವೇದಿಕೆಯನ್ನೇ ಮುರಿದಿದ್ದರು. ಏಕೆ ರದ್ದಾಯಿತೆಂದರೆ, ಜನರನ್ನು ತಡೆಯುವ ಕಟಕಟೆ ಭದ್ರವಾಗಿರಲಿಲ್ಲ. ಇದನ್ನು ಮನಸ್ಸಿನಲ್ಲಿಡಿ.

ಕನ್ನಡದ ಹಾಡಿಗೆ ಇಷ್ಟು ಜನ ಬಾರರು ಎಂದುಕೊಂಡಿದ್ದವರಿಗೆ 2005ರ ಏಪ್ರಿಲ್‌ನಲ್ಲಿ ಸಿ. ಅಶ್ವತ್ಥ್ ಅದೇ ಅರಮನೆ ಮೈದಾನದಲ್ಲಿ ಉತ್ತರ ಕೊಟ್ಟರು. ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಲಕ್ಷದ ಲೆಕ್ಕದಲ್ಲಿ ಜನ ಸೇರಿತು. ಅಶ್ವತ್ಥರು ಊರೂರಿಗೆ ಮುಟ್ಟಿಸಿದ್ದು ಶಿಶುನಾಳ ಶರೀಫರ ತತ್ವಪದಗಳನ್ನು. ಬಳಿಕ ಮೈಸೂರಿನ ರಘು ದೀಕ್ಷಿತರು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಅದೇ ಶರೀಫರನ್ನು ಗಿಟಾರಿನ ಜೊತೆ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಗಿಬಂದರು. ಶರೀಫರ ಪದ ನಮ್ಮ ಕಡೆ ಭಜನೆಯ ಮನೆಯಲ್ಲಿ, ಏಕತಾರಿಯ ಜೊತೆ ಕೇಳಿದ್ದು. ವಿದ್ಯುತ್ ತಂತಿಯ ಮೇಲೆ ಅದು ಕೆಟ್ಟಿತೇ? ನಮ್ಮಲ್ಲಿ ಈ ವಿಷಯದಲ್ಲಿ ಒಮ್ಮತವಿಲ್ಲ. ಕೆಲವು ಪದಗಳಲ್ಲಿ ಮಾತು ಗದ್ದಲದೊಳಗೆ ಮುಳುಗುತ್ತದೆ ಎಂಬುದು ನಿಜ. ಆದರೆ ಜಾತ್ರೆಯ ರಸಮಂಜರಿಯಲ್ಲಿ ಸಿನಿಮಾ ಹಾಡಿಗೆ ಶಿಳ್ಳೆ ಹೊಡೆಯುವ ನಮ್ಮ ಹುಡುಗ ಶರೀಫರಿಗೂ ಶಿಳ್ಳೆ ಹೊಡೆದರೆ ಶರೀಫರಿಗೆ ಕೊರತೆಯೇನೂ ಆಗದು.

ಹೀಗೆ ಹಾಡು ದುಡಿಯುವವರದು, ಭಕ್ತಿಯೂ ದುಡಿಯುವವರದು. ನಡುವೆ ನಿಂತವನು ಬೇರೆ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಎಂಬ ಮೇಳ ಮುಂಬಯಿಗೆ ಬಂದಾಗ ಟಿಕೇಟಿನ ದರ 2,500 ರೂಪಾಯಿಯಿಂದ 35,000 ರೂಪಾಯಿಯ ವರೆಗೆ ಇತ್ತು. ಅವೂ ತಿಂಗಳುಗಳ ಮೊದಲೇ, ನಿಮಿಷಗಳಲ್ಲಿ ಖರ್ಚಾಗಿ, ಆಮೇಲೆ ಹಲವು ಪಟ್ಟು ಬೆಲೆಗೆ ಕಾಳಸಂತೆಯಲ್ಲಿ ಕಾಣಿಸಿಕೊಂಡವು. ಸಣ್ಣ ವ್ಯಾಪಾರಿಗಳಾದ ನೀವು ಒಂದು ಚೀಲ ಸಕ್ಕರೆಯನ್ನು ಹಾಗೆ ಬಚ್ಚಿಟ್ಟು ಮಾರಿದರೆ ಏನಾಗುತ್ತದೆ ಎಂಬುದು ನಿಮಗೇ ಗೊತ್ತು. ಹಣ ಕೊಟ್ಟು ಒಳಗೆ ಹೋದವನ ಕೈಯ ನೀರಿನ ಶೀಶೆಯನ್ನು ಬಾಗಿಲಲ್ಲಿ ಕಸಿದು, ಒಳಗೆ ಅದೇ ನೀರನ್ನು ಅವರು ಹೇಳಿದ ಬೆಲೆಗೆ ಮಾರುವ ಪದ್ಧತಿಯೂ ಇದೆ. ಹೊರಗೆ ಕಳ್ಳೆಕಾಯಿ, ಮಿರ್ಚಿ ಮಾರುವವರನ್ನು ಲಾಠಿ ಬೀಸಿ ಓಡಿಸುತ್ತಾರೆ.

ಹಣದ ಮಾತು ಸಾಕು. ಪ್ರಾಣದ ಮಾತಿದೆ.

1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದ ಹೂ’ ಎಂಬ ಮೇಳದ ಕಚೇರಿ. ಕುರ್ಚಿಗೆ ಸಂಖ್ಯೆಯಿಲ್ಲದ ಟಿಕೇಟು. ಮೊದಲು ಓಡಿದವನಿಗೆ ಮುಂದಿನ ಜಾಗ. ಸಾವಿರಾರು ಹುಡುಗರು ಹೊತ್ತಿಗೆ ಮೊದಲೇ ಚಳಿಯಲ್ಲಿ ಬಾಗಿಲ ಮುಂದೆ ನಿಂತಿದ್ದರು. ತೆರೆದ ಬಾಗಿಲುಗಳು ಕೆಲವೇ. ಒಳಗೆ ವಾದ್ಯ ಸರಿಮಾಡುವ ಸದ್ದು ಕೇಳಿ, ಹಾಡು ಆರಂಭವಾಯಿತೆಂದು ಹಿಂದಿನವರು ಒತ್ತಿದರು. ಹನ್ನೊಂದು ಜನ ಬಾಗಿಲಲ್ಲೇ ಸತ್ತರು. ಒಳಗೆ ಹಾಡಿದವರಿಗೆ ಹಾಡು ಮುಗಿಯುವ ತನಕ ಸುದ್ದಿ ತಿಳಿಯಲಿಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಅದು ಹಾಡಲ್ಲ, ಕ್ರಿಕೆಟ್ ವಿಜಯೋತ್ಸವ. ಭಕ್ತಿ ಮಾತ್ರ ಅದೇ. ಒಳಗೆ ಹಿಡಿಸುವುದು ಸುಮಾರು 35,000. ಬಂದವರು ಎರಡು ಮೂರು ಲಕ್ಷ ಎಂದು ಸರ್ಕಾರವೇ ಹೇಳಿತು. ಪಾಸು ಬೇಕೋ ಬೇಡವೋ ಎಂಬುದು ಬಾಗಿಲ ಮುಂದೆ ನಿಂತವನಿಗೆ ಕಡೆಯ ಗಳಿಗೆಯ ವರೆಗೂ ತಿಳಿಯಲಿಲ್ಲ. ಅಲ್ಲಿಯೂ ಹನ್ನೊಂದು ಜನ, ಬಹುಪಾಲು ಎಳೆಯರು. ಮರುದಿನದಿಂದ ತಂಡದವರು, ಸಂಸ್ಥೆಯವರು, ಪೊಲೀಸರು, ಸರ್ಕಾರದವರು ಒಬ್ಬರತ್ತ ಒಬ್ಬರು ಬೆರಳು ತೋರಿದರು.

ಇಂಥ ಸಾವಿಗೆ ಪತ್ರಿಕೆಗಳು ಕಾಲ್ತುಳಿತ ಎಂದು ಬರೆಯುತ್ತವೆ. ಜನ ದನದಂತೆ ಓಡಿ ಒಬ್ಬರನ್ನೊಬ್ಬರು ತುಳಿದರು ಎಂಬ ಅರ್ಥ ಬರುತ್ತದೆ. ತಪ್ಪು ಸತ್ತವನದೇ ಆಗಿಬಿಡುತ್ತದೆ. ಹೆಚ್ಚಿನ ಕಡೆ ನಡೆಯುವುದು ಬೇರೆ. ಎರಡು ಮೊಳ ಉದ್ದ, ಎರಡು ಮೊಳ ಅಗಲದ ನೆಲದಲ್ಲಿ ನಾಲ್ಕು ಜನ ನಿಂತರೆ ಕೈಕಾಲು ಆಡುತ್ತದೆ. ಆರೇಳು ಜನರಾದರೆ ಯಾರೂ ತಮ್ಮ ಇಷ್ಟದಿಂದ ಚಲಿಸಲಾರರು. ಜನ ನೀರಾಗುತ್ತಾರೆ, ಹಿಂದಿನ ಒಂದು ನೂಕು ಅಲೆಯಾಗಿ ಮುಂದಕ್ಕೆ ಹೋಗುತ್ತದೆ. ಎದೆ ಒತ್ತಿಹೋಗಿ ಉಸಿರು ಸಾಲದೆ ಮನುಷ್ಯ ನಿಂತಲ್ಲೇ ಸಾಯುತ್ತಾನೆ. ಹಿಂದಿನವನಿಗೆ ಮುಂದಿನದು ಕಾಣದು. ಬಾಗಿಲು ಎಷ್ಟು, ಅಗಲ ಎಷ್ಟು, ಒಳಗೆ ಎಷ್ಟು ಮಂದಿ ಎಂಬುದನ್ನು ಎಣಿಸಿದವನೊಬ್ಬನೇ ಇದನ್ನು ತಡೆಯಬಲ್ಲ. ಚೀಲ ಪೇರಿಸುವ ಹಮಾಲನು ಕೆಳಗಿನ ಸಾಲು ಎಷ್ಟು ಭಾರ ತಾಳುತ್ತದೆ ಎಂದು ನೋಡಿಯೇ ಮೇಲೆ ಪೇರಿಸುತ್ತಾನೆ. ಜನರನ್ನು ಕರೆದವರಿಗೆ ಅಷ್ಟು ಲೆಕ್ಕ ಬರಬಾರದೇ?

ಸರ್ಕಾರವು 2025ರಲ್ಲಿ ಜನಸಂದಣಿ ನಿಯಂತ್ರಣಕ್ಕೆ ಒಂದು ಮಸೂದೆಯನ್ನು ಸದನಕ್ಕೆ ತಂದಿತು. ಕಾರ್ಯಕ್ರಮ ನಡೆಸುವವನು ಹೊಣೆ ಹೊರಬೇಕೆಂಬುದು ನಮಗೂ ಸಮ್ಮತ. ಆದರೆ ಟಿಕೇಟು ಮಾರಿ ಲಾಭ ಮಾಡುವವನಿಗೂ, ಹಮಾಲರ ಮೆರವಣಿಗೆ ನಡೆಸುವ ಸಂಘಕ್ಕೂ ಒಂದೇ ತಕ್ಕಡಿ ಹಿಡಿಯಬಾರದು. ಸತ್ತ ಹನ್ನೊಂದು ಮಕ್ಕಳ ಹೆಸರಿನಲ್ಲಿ ಕೂಲಿ ಕೇಳುವ ಸಭೆಗೆ ಬೀಗ ಬೀಳುವುದನ್ನು ನಾವು ಒಪ್ಪಲಾರೆವು.

ಇಷ್ಟು ಹೇಳಿದ ಮೇಲೆ ಅಭಿಮಾನಿಗಳ ತಪ್ಪನ್ನೂ ಹೇಳಬೇಕು. 2023ರ ಜನವರಿಯಲ್ಲಿ ಹೊಳೆಯ ಆಚೆಗೆ, ಹಂಪಿ ಉತ್ಸವದಲ್ಲಿ, ಕೈಲಾಶ್ ಖೇರ್ ಹಾಡುತ್ತಿದ್ದಾಗ ಕನ್ನಡ ಹಾಡು ಬೇಕೆಂದು ಕೂಗಿ ಅವರ ಮೇಲೆ ಶೀಶೆ ಎಸೆದರು. ಪೊಲೀಸರು ಇಬ್ಬರನ್ನು ಹಿಡಿದರು. ಕನ್ನಡ ಹಾಡು ಕೇಳುವುದು ಹಕ್ಕೇ ಸರಿ, ಅದನ್ನು ಕರೆಸಿದವರ ಹತ್ತಿರ ಕೇಳಬೇಕು. ವೇದಿಕೆಯ ಮೇಲೆ ಬೆವರು ಸುರಿಸುತ್ತಿರುವವನು ಅಂದಿನ ಮಟ್ಟಿಗೆ ಒಬ್ಬ ಕೂಲಿಕಾರ. ದುಡಿಯುವವನ ಮೇಲೆ ಶೀಶೆ ಎಸೆಯುವುದು ನಮ್ಮವರ ಕೆಲಸವಲ್ಲ. ಇದನ್ನು ನಿಮ್ಮ ಮನೆಯ ಹುಡುಗರಿಗೆ ನೀವೇ ಹೇಳಬೇಕು, ನಾವು ಹೇಳಿದರೆ ಭಾಷಣವಾಗುತ್ತದೆ.

ಆನೆಗೊಂದಿಯಲ್ಲೂ ಉತ್ಸವ ನಡೆದಿದೆ; 2020ರ ಜನವರಿಯಲ್ಲಿ ನಡೆದದ್ದು ನಿಮ್ಮ ನೆನಪಿನಲ್ಲಿದೆ. ಮುಂದೆಯೂ ನಡೆಯಬೇಕು, ಗಿಟಾರೂ ಬರಲಿ, ನಮ್ಮ ದೊಡ್ಡಾಟದ ಮದ್ದಳೆಯೂ ಬರಲಿ. ಆದರೆ ಉತ್ಸವದ ಸಮಿತಿಗೆ ನಾವು ಮೊದಲೇ ಒಂದು ಮನವಿ ಕೊಡತಕ್ಕದ್ದು. ಮುಂದಿನ ಸಾಲುಗಳನ್ನೆಲ್ಲ ಗಣ್ಯರ ಸೋಫಾಗಳಿಗೆ ಬಿಟ್ಟು, ನಿಂತವರನ್ನು ಹಿಂದೆ ಬಿದಿರಿನ ಗಳದ ಆಚೆ ಒತ್ತಬಾರದು. ಈ ಊರಿನ ದಾರಿಗಳು ಕಿರಿದು, ಒಂದು ಮಗ್ಗುಲಿಗೆ ಹೊಳೆ, ಇನ್ನೊಂದಕ್ಕೆ ಬಂಡೆ. ಬರುವ ದಾರಿಯೇ ಹೋಗುವ ದಾರಿಯಾಗಬಾರದು. ಹೆಂಗಸರು ಮಕ್ಕಳಿಗೆ ಬೇರೆ ಬಾಗಿಲು ಇರಲಿ, ನೀರು ಬಿಟ್ಟಿಯಾಗಿ ಸಿಗಲಿ. ಮಿರ್ಚಿ ಬಂಡಿಯವರಿಗೂ ಬಳೆಯವರಿಗೂ ಜಾಗವನ್ನು ಗುರುತು ಹಾಕಿ ಕೊಡಲಿ, ಹರಾಜಿಗೆ ಇಟ್ಟು ಹೊರಗಿನ ಗುತ್ತೇದಾರನಿಗೆ ಕೊಡಬಾರದು. ರಾತ್ರಿ ಪಾಳಿಯವರು ಮರಳಿ ಗಂಗಾವತಿಗೆ ಹೋಗುವಂತೆ ಹಾಡು ಮುಗಿದ ಮೇಲೂ ಬಸ್ಸು ಬಿಡಲಿ. ವೇದಿಕೆ ಕಟ್ಟಿ ದೀಪ ಏರಿಸುವ ಕೂಲಿಯಾಳುಗಳ ಹೆಸರು ಪುಸ್ತಕದಲ್ಲಿ ಇರಬೇಕು. 2009ರ ಜನವರಿಯಲ್ಲಿ ಇಲ್ಲಿ ಕಟ್ಟುತ್ತಿದ್ದ ಸೇತುವೆ ಹೊಳೆಗೆ ಕುಸಿದಾಗ ಸತ್ತವರು ಇಂಥ ಕೂಲಿಯಾಳುಗಳೇ. ಮನವಿಗೆ ಸಹಿ ಹಾಕುವ ಕಾಗದ ಬಾಗಿಲ ಬಳಿ ಇದೆ, ಹೆಬ್ಬೆಟ್ಟೂ ಆದೀತು.

ಹಿರೇಬೆಣಕಲ್ಲಿನ ನಗಾರಿ ನೋಡಬೇಕೆಂದು ಆಗಲೇ ಕೆಲವರು ಕೇಳಿದಿರಿ. ಬರುವ ವಾರದ ರಜೆಯ ದಿನ ಹೋಗೋಣ. ಬಿಸಿಲೇರುವ ಮೊದಲೇ ಬೆಟ್ಟ ಹತ್ತಬೇಕು, ಕುಡಿಯುವ ನೀರು ನೀವೇ ತರಬೇಕು. ನಗಾರಿಯ ಬಂಡೆಯ ಮೇಲೆ ಎಲ್ಲರೂ ಒಮ್ಮೆಗೇ ಹತ್ತುವುದು ಬೇಡ. ಇಬ್ಬಿಬ್ಬರಂತೆ ಹತ್ತಿರಿ, ಉಳಿದವರು ಕೆಳಗೆ ನಿಂತು ಕೇಳಿರಿ.