ಕಿಡ್ನಿ ಫೇಲ್ ಆದವರ ರಿಪೋರ್ಟ್‌ನಲ್ಲಿ ಹಾರ್ಟ್ ನಂಬರ್ ಯಾಕಿಷ್ಟು ಜಾಸ್ತಿ?

ಇವತ್ತು ಒಂದೇ ಒಂದು ಬ್ಲಡ್ ಟೆಸ್ಟ್ ಬಗ್ಗೆ ಮಾತಾಡೋಣ. ಹೆಸರು ಎನ್‌ಟಿ-ಪ್ರೊಬಿಎನ್‌ಪಿ.

ಟಿಕೋಟಾದಿಂದ, ಬಬಲೇಶ್ವರದಿಂದ ಡಯಾಲಿಸಿಸ್‌ಗೆ ಅಂತ ವಿಜಯಪುರಕ್ಕೆ ಓಡಾಡೋ ಮನೆಗಳಲ್ಲಿ ರಿಪೋರ್ಟ್ ಮೊದಲು ನೋಡೋದು ಯಾರು? ನೀವೇ. ಪಿಡಿಎಫ್ ಬರೋದು ನಿಮ್ಮ ವಾಟ್ಸ್‌ಆ್ಯಪ್‌ಗೆ. ಅನೇಕ ಲ್ಯಾಬ್‌ಗಳು ನಾರ್ಮಲ್ ಅಂದ್ರೆ 125ರ ಒಳಗೆ ಅಂತ ಅಚ್ಚು ಹಾಕಿರ್ತಾವೆ. ಅಪ್ಪಾರ ನಂಬರ್ 9,000 ಅಂತ ಇಟ್ಕೊಳ್ರಿ. ಗೂಗಲ್ ಮಾಡಿದ್ರೆ ‘ಹಾರ್ಟ್ ಫೇಲ್ಯೂರ್’ ಅಂತ ತೋರಿಸ್ತದೆ. ಎದೆ ಧಸಕ್ ಅಂತದೆ, ಅಲ್ವಾ?

ಸ್ವಲ್ಪ ತಡೀರಿ. ಹೃದಯ ಬರೀ ಪಂಪ್ ಅಲ್ಲ, ಹಾರ್ಮೋನನ್ನೂ ತಯಾರು ಮಾಡ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಹೃದಯದ ಗೋಡೆ ಹಿಗ್ಗಿದಾಗ ಈ ಹಾರ್ಮೋನ್ ರಕ್ತಕ್ಕೆ ಬಿಡುಗಡೆ ಆಗ್ತದೆ. ಅದು ಕಿಡ್ನಿಗೆ ಹೇಳೋದು ಇಷ್ಟೇ: ಉಪ್ಪು, ನೀರು ಹೊರಗೆ ಹಾಕು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ಹಂದಿಯ ಮೆದುಳಿನಲ್ಲಿ. ಹೆಸರಿನಲ್ಲಿರೋ ‘ಬಿ’ ಅಂದ್ರೆ ಬ್ರೇನ್. ಆಮೇಲೆ ಗೊತ್ತಾಯ್ತು, ಇದು ಮುಖ್ಯವಾಗಿ ತಯಾರಾಗೋದು ಹೃದಯದಲ್ಲಿ ಅಂತ. ಈ ಹಾರ್ಮೋನ್ ಬಿಡುಗಡೆ ಆಗುವಾಗ ಎರಡು ತುಂಡಾಗ್ತದೆ. ಕೆಲಸ ಮಾಡೋದು ಬಿಎನ್‌ಪಿ, ಉಳಿದ ತುಂಡು ಎನ್‌ಟಿ-ಪ್ರೊಬಿಎನ್‌ಪಿ.

ಕಿಡ್ನಿ ಫೇಲ್ ಆದವರಲ್ಲಿ ನಂಬರ್ ಏರೋದಕ್ಕೆ ಮೂರು ಕಾರಣ. ಒಂದು, ಈ ಉಳಿದ ತುಂಡನ್ನು ಹೊರಹಾಕೋ ಕೆಲಸದಲ್ಲಿ ಕಿಡ್ನಿಯ ಪಾಲು ದೊಡ್ಡದು. ಕಿಡ್ನಿ ನಿಂತ್ರೆ ಅದು ರಕ್ತದಲ್ಲೇ ಉಳೀತದೆ. ಎರಡು, ಒಂದು ಡಯಾಲಿಸಿಸ್‌ನಿಂದ ಇನ್ನೊಂದರವರೆಗೆ ನೀರು ತುಂಬ್ತದೆ, ಹೃದಯ ಹಿಗ್ತದೆ. ಮೂರು, ವರ್ಷಗಟ್ಟಲೆ ಬಿಪಿ, ರಕ್ತಹೀನತೆಯಿಂದ ಹೃದಯದ ಗೋಡೆ ನಿಜಕ್ಕೂ ದಪ್ಪ ಆಗಿರ್ತದೆ.

ಹಾಗಾಗಿ ಡಯಾಲಿಸಿಸ್‌ನಲ್ಲಿ ಇರೋರಿಗೆ ಸಾವಿರಗಟ್ಟಲೆ ನಂಬರ್ ಬರೋದು ಸಾಮಾನ್ಯ. 125ರ ಗೆರೆ ಇವರಿಗೆ ಹೊಂದೋದಿಲ್ಲ. ಆದ್ರೆ ‘ಅದು ಕಿಡ್ನಿದು, ಬಿಡ್ರಿ’ ಅಂತ ಮೂಲೆಗೆ ಹಾಕೋದೂ ತಪ್ಪು. ಡಯಾಲಿಸಿಸ್ ರೋಗಿಗಳಲ್ಲೂ ನಂಬರ್ ಹೆಚ್ಚಿದ್ದವರಿಗೆ ಹೃದಯದ ಅಪಾಯ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ.

ಹಂಗಾದ್ರೆ ಏನ್ ಮಾಡ್ಬೇಕು? ಅಪ್ಪಾರ ನಂಬರನ್ನು ಅವರದೇ ಹಳೇ ನಂಬರ್ ಜೊತೆ ಹೋಲಿಸ್ರಿ. 9,000 ಇದ್ದದ್ದು 10,000 ಆದ್ರೆ ಅದು ದಿನದಿನದ ಏರಿಳಿತ ಇರಬಹುದು. ದುಪ್ಪಟ್ಟು ಆದ್ರೆ ಡಾಕ್ಟರಿಗೆ ಬೇಗ ತೋರಿಸ್ರಿ. ಪ್ರತಿ ಸಲ ಅದೇ ಟೆಸ್ಟ್ ಇರಲಿ, ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಅಂಕಿಗಳನ್ನು ಬೆರೆಸಬೇಡ್ರಿ. ರಕ್ತ ಕೊಡೋ ಹೊತ್ತೂ ಒಂದೇ ಇರಲಿ. ಡಯಾಲಿಸಿಸ್‌ಗಿಂತ ಮುಂಚೆ ಅಂದ್ರೆ ಯಾವಾಗಲೂ ಮುಂಚೆ. ಹೃದಯ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ತಿಳಿಯೋಕೆ ಎಕೋ ಬೇಕು. ಎಕೋ ಕೊನೆಗೆ ಯಾವಾಗ ಆಗಿತ್ತು ಅಂತ ಕೇಳ್ರಿ.

ಇನ್ನೊಂದು ಮಾತು. ನಮ್ಮ ವಿಜಯಪುರದ ಬ್ಯಾಸಿಗಿ ನಿಮಗೆ ಗೊತ್ತೇ ಇದೆ. ಬಾಯಾರಿಕೆ ತಡೀಲಿಕ್ಕೆ ಆಗೋದಿಲ್ಲ. ರೊಟ್ಟಿ ಜೊತೆ ಉಪ್ಪಿನಕಾಯಿ, ಹಪ್ಪಳ ಹೆಚ್ಚಾದ್ರೆ ಬಾಯಾರಿಕೆ ಇನ್ನೂ ಜಾಸ್ತಿ. ನೀರು ಕಮ್ಮಿ ಕುಡೀರಿ ಅಂತ ಹಿರಿಯರ ಮೇಲೆ ರೇಗೋಕಿಂತ ಮೊದಲು ಮನೆಯವರೆಲ್ಲರ ಊಟದಲ್ಲಿ ಉಪ್ಪು ಇಳಿಸ್ರಿ. ಮದುವೆ, ರಾಶಿ, ಬಸ್ ತಪ್ಪಿತು ಅಂತ ಡಯಾಲಿಸಿಸ್ ಬಿಡಬೇಡ್ರಿ. ಎರಡು ದಿನದ ದೊಡ್ಡ ಗ್ಯಾಪ್ ಮುಗಿಯೋ ಹೊತ್ತೇ ಹೃದಯಕ್ಕೆ ಹೆಚ್ಚು ಕಷ್ಟದ ಹೊತ್ತು. ದಿನಾ ಬೆಳಗ್ಗೆ ತೂಕ ಬರೆದಿಡ್ರಿ.

ಮಲಗಿದ್ರೆ ಉಸಿರು ಕಟ್ತದೆ, ಎದೆ ನೋವು, ಕಾಲು ದಿಢೀರ್ ಬಾತಿದೆ ಅಂದ್ರೆ ಯಾವ ನಂಬರಿಗೂ ಕಾಯಬೇಡ್ರಿ. ಎದೆ ನೋವು, ಉಸಿರಾಟದ ತೊಂದರೆಗೆ ತಕ್ಷಣ 108ಕ್ಕೆ ಫೋನ್ ಮಾಡ್ರಿ.

ಇವತ್ತೇ ಫೋನ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಹಳೇ ರಿಪೋರ್ಟ್ ಎಲ್ಲ ತಾರೀಖಿನ ಪ್ರಕಾರ ಹಾಕಿಡ್ರಿ. ಮುಂದಿನ ಸಲ ಡಾಕ್ಟರ್ ಮುಂದೆ ಅದನ್ನೇ ತೆಗೀರಿ. ಡಯಾಲಿಸಿಸ್ ನಡೀತಿರೋ ಮನೆಯ ಗೆಳೆಯರು ಯಾರಾದ್ರೂ ಇದ್ರೆ ಈ ಎಪಿಸೋಡ್ ಅವರಿಗೂ ಕಳಿಸ್ರಿ.