ಹೃದಯದ ಹಾರ್ಮೋನು: ಕ್ಯಾಲ್ಸಿಯಂ ಮಾಡುವ ಕೆಲಸ ಯಾವುದು?



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಶರೀರಕ್ರಿಯಾವಿಜ್ಞಾನವನ್ನು ಕನ್ನಡದಲ್ಲಿ ಪಾಠ ಹೇಳಿದವರು. ಅವರ ನೆನಪಿನ ವೇದಿಕೆಯಲ್ಲಿ ಮಾತಾಡಲು ಕರೆದಿದ್ದೀರಿ.

ಹೃದಯವೂ ಹಾರ್ಮೋನು ಸ್ರವಿಸುತ್ತದೆ ಎಂಬುದು ಈಗ ಪಠ್ಯಪುಸ್ತಕದ ವಿಷಯ. 1964ರಲ್ಲಿ ಜೇಮಿಸನ್ ಮತ್ತು ಪಲಾಡೆ ಹೃತ್ಕರ್ಣದ ಕೋಶಗಳಲ್ಲಿನ ಕಣಗಳನ್ನು ವಿವರವಾಗಿ ವರ್ಣಿಸಿದರು. 1981ರಲ್ಲಿ ಕೆನಡಾದ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣವನ್ನು ಅರೆದು, ಸಾರ ತೆಗೆದು, ಬೇರೆ ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. ಮೂತ್ರದ ಪ್ರಮಾಣ 10 ಪಟ್ಟು ಏರಿತು, ಅದರಲ್ಲಿ ಹೋಗುವ ಸೋಡಿಯಂ 30 ಪಟ್ಟಿಗೂ ಹೆಚ್ಚಾಯಿತು. ಆ ಸಾರದಲ್ಲಿದ್ದದ್ದೇ ಆ ಕಣಗಳಲ್ಲಿ ಕೂಡಿಟ್ಟಿರುವ ಹಾರ್ಮೋನು ಎಎನ್‌ಪಿ, 28 ಅಮೈನೊ ಆಮ್ಲಗಳ ಪೆಪ್ಟೈಡು. ಕ್ಯಾಲ್ಸಿಯಂ ಹಿಡಿಯುವ ಟ್ರೊಪೊನಿನ್ ಸಿ, ಕ್ಯಾಲ್ಮೊಡ್ಯುಲಿನ್‌ಗಳ ಬಗ್ಗೆಯೂ ಒಳ್ಳೆಯ ಪುಸ್ತಕಗಳಿವೆ. ಹಾಗಾಗಿ ನೇರವಾಗಿ ತಕರಾರಿಗೆ ಬರುತ್ತೇನೆ.

ಅಡ್ರಿನಲ್ ಗ್ರಂಥಿಯಲ್ಲಾಗಲಿ ನರತುದಿಯಲ್ಲಾಗಲಿ ಕೋಶದೊಳಗೆ ಕ್ಯಾಲ್ಸಿಯಂ ಏರಿದರೆ ಕಣಗಳು ಕೋಶಪೊರೆಗೆ ಬೆಸೆದು ಒಳಗಿನದು ಹೊರಬೀಳುತ್ತದೆ. ಹೃದಯದಲ್ಲೂ ಹೀಗೇ ಎಂದು ಬಹಳ ಮಂದಿ ನಂಬಿದರು. ನನಗೆ ಒಪ್ಪಿಗೆಯಿಲ್ಲ. ಹೃದಯದ ಕೋಶದಲ್ಲಿ ಕ್ಯಾಲ್ಸಿಯಂ ಪ್ರತಿ ಬಡಿತಕ್ಕೂ ಸುಮಾರು ಹತ್ತು ಪಟ್ಟು ಏರಿ ಇಳಿಯುತ್ತದೆ. ಅದೇ ಸ್ರಾವದ ಗುಂಡಿಯಾಗಿದ್ದರೆ, ಹೃತ್ಕರ್ಣ ಹಿಗ್ಗಿದಾಗ ಮಾತ್ರ ಎಎನ್‌ಪಿ ಅಷ್ಟೊಂದು ಹೆಚ್ಚುವುದೇಕೆ?

ಎದುರು ಪಕ್ಷದ ಸಾಕ್ಷ್ಯ ಹಗುರವಾದದ್ದಲ್ಲ. 1985ರಲ್ಲಿ ಫಿನ್‌ಲ್ಯಾಂಡಿನ ರುಸ್ಕೊಯಾಹೊ ಮತ್ತು ಸಂಗಡಿಗರು, ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿಸುವ ಅಯನೊಫೋರನ್ನು, ಕೋಶದ ಸಂಕೇತ ಕಿಣ್ವವೊಂದನ್ನು ಕೆರಳಿಸುವ ಫೋರ್ಬಾಲ್ ಎಸ್ಟರಿನ ಜೊತೆ ಕೊಟ್ಟರೆ ಇಲಿಯ ಹೃದಯದಿಂದ ಎಎನ್‌ಪಿ ಹೆಚ್ಚು ಹೊರಬರುತ್ತದೆಂದು ತೋರಿಸಿದರು. ಅಳತೆಯ ಬಗ್ಗೆ ನನ್ನ ಆಕ್ಷೇಪವಿಲ್ಲ, ತೀರ್ಮಾನದ ಬಗ್ಗೆ ಇದೆ. ಇಡೀ ಹೃದಯಕ್ಕೆ ಅಯನೊಫೋರ್ ಹರಿಸಿದರೆ ರಕ್ತನಾಳಗಳ ಒಳಪದರವೂ ಕೆರಳುತ್ತದೆ. ಆ ಪದರ ಬಿಡುವ ಎಂಡೊಥೀಲಿನ್ ತಾನೇ ಎಎನ್‌ಪಿಯನ್ನು ಹೊರಡಿಸಬಲ್ಲದು. ಹೀಗಿರುವಾಗ ಕೆಲಸ ಸ್ನಾಯುಕೋಶದ ಕ್ಯಾಲ್ಸಿಯಂನದೇ ಎನ್ನುವುದು ಹೇಗೆ?

ಇನ್ನೊಂದು ಕಡೆ ನೋಡಿ. ದಕ್ಷಿಣ ಕೊರಿಯಾದ ಚೋ ಅವರ ತಂಡ ಮೊಲದ ಹೃತ್ಕರ್ಣವನ್ನು ಬಡಿಯುತ್ತಿರುವಂತೆಯೇ ಇಟ್ಟು ಪರೀಕ್ಷಿಸಿತು. ಎಲ್ ಮಾದರಿಯ ಕ್ಯಾಲ್ಸಿಯಂ ಚಾನೆಲ್ ತೆರೆಯುವ ಔಷಧ ಕೊಟ್ಟಾಗ ಎಎನ್‌ಪಿ ಸ್ರಾವ ಇಳಿಯಿತು, ಮುಚ್ಚುವ ನಿಫೆಡಿಪಿನ್ ಕೊಟ್ಟಾಗ ಏರಿತು. ಕ್ಯಾಲ್ಸಿಯಂ ಇಲ್ಲಿ ತಡೆಯುವ ಕಡೆಗಿದೆ. ಒಂದೇ ಪ್ರಯೋಗದಲ್ಲಿ ಎರಡೂ ದಿಕ್ಕಿನಿಂದ ಉತ್ತರ ಸಿಕ್ಕಿರುವುದರಿಂದ ನಾನು ಇದಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಫಲಿತಾಂಶಕ್ಕಿಂತ ಮೊದಲು ಪ್ರಯೋಗದ ಏರ್ಪಾಡನ್ನು ನೋಡಬೇಕೆಂಬುದು ನಮ್ಮ ಮೇಷ್ಟ್ರು ಕೊಟ್ಟ ಪಾಠ.

ಹಾಗಾದರೆ ಹೃತ್ಕರ್ಣದ ಕಣಗಳಲ್ಲಿ ಅಷ್ಟೊಂದು ಕ್ಯಾಲ್ಸಿಯಂ ಏಕಿದೆ? ಅದು ಇರುವುದು ನಿಜ. ಸೊಮ್ಲಿಯೊ ದಂಪತಿಗಳ ತಂಡ 1988ರಲ್ಲಿ ಅಳೆದು ತೋರಿಸಿತು. ಉತ್ತರ ಹಾರ್ಮೋನಿನ ಪೂರ್ವರೂಪದಲ್ಲೇ ಇದೆ ಎಂಬುದು ನನ್ನ ವಾದ. 126 ಅಮೈನೊ ಆಮ್ಲಗಳ ಆ ಸರಪಳಿಯ 23 ಮತ್ತು 24ನೆಯ ಸ್ಥಾನಗಳಲ್ಲಿ ಎರಡು ಗ್ಲುಟಮೇಟ್‌ಗಳಿವೆ, ಎರಡಕ್ಕೂ ಋಣ ವಿದ್ಯುದಂಶ. ಕ್ಯಾಲ್ಸಿಯಂ ಇದ್ದಾಗ ಈ ಪೂರ್ವರೂಪದ ಅಣುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. 1996ರಲ್ಲಿ ಮಾಂಟ್ರಿಯಲ್‌ನ ಟಿಬೋ ಅವರ ಬಳಗ ಆ ಎರಡನ್ನು ಬದಲಿಸಿತು: ಅಂಟುವಿಕೆ ಕೆಟ್ಟಿತು, ಕಣಗಳಿಗೆ ಸೇರಬೇಕಾದ ಸರಕು ಸರಿಯಾಗಿ ಸೇರಲಿಲ್ಲ. ಮುಂದೆ 2001ರಲ್ಲಿ ಬೇರ್ಚಿ ಮತ್ತು ಸಂಗಡಿಗರು ಹೃತ್ಕರ್ಣದ ಕೋಶಗಳಲ್ಲೇ ಇದನ್ನು ಪರೀಕ್ಷಿಸಿದಾಗ ಕಣಗಳ ಗಾತ್ರ, ಆಕಾರಗಳೇ ಬೇರೆಯಾದವು. ಅಂದರೆ ಹೃದಯದ ಈ ಹಾರ್ಮೋನಿನ ಪೂರ್ವರೂಪವೇ ಒಂದು ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನು. ಕ್ಯಾಲ್ಸಿಯಂ ಬೇಕಾಗುವುದು ಮುಖ್ಯವಾಗಿ ಸರಕು ಕಟ್ಟುವುದಕ್ಕೆ, ಹೊರಗೆ ಬಿಡುವುದಕ್ಕಲ್ಲ.

ಕ್ಯಾಲ್ಮೊಡ್ಯುಲಿನ್ ತಡೆಯುವ ಔಷಧಗಳು ಹಿಗ್ಗಿನಿಂದಾಗುವ ಸ್ರಾವವನ್ನು ಕುಗ್ಗಿಸುತ್ತವೆ ಎಂಬ ಆಕ್ಷೇಪ ಉಳಿಯುತ್ತದೆ. ಆದರೆ ಕ್ಯಾಲ್ಮೊಡ್ಯುಲಿನ್ ಕೋಶದ ನೂರು ಕೆಲಸಗಳಲ್ಲಿ ಕೈಯಾಡಿಸುತ್ತದೆ. ಅದನ್ನು ತಡೆದಾಗ ನಿಂತದ್ದೆಲ್ಲ ಸ್ರಾವದ ಕೊನೆಯ ಹೆಜ್ಜೆಯೇ ಎನ್ನಲು, ಕಣ ಕೋಶಪೊರೆಗೆ ಬೆಸೆಯುವ ಜಾಗದಲ್ಲೇ ಅದು ಇದೆಯೆಂದು ಮೊದಲು ತೋರಿಸಬೇಕು. ಬಡಿಯುತ್ತಿರುವ, ಹಿಗ್ಗಿಸಿದ ಹೃತ್ಕರ್ಣದಲ್ಲಿ ಅದನ್ನು ಯಾರಾದರೂ ತೋರಿಸಿದ ದಿನ ಈ ಚರ್ಚೆಗೆ ನಾನೇ ಮೊದಲು ಬರುತ್ತೇನೆ.